ತಗಡಿನ ಹೊಳಪು ನೋಡಬೇಡಿ, ಸತುವಿನ ದಪ್ಪ ಕೇಳಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ವೆಲ್ಡಿಂಗ್ ಕೆಲಸದ ಯುವಕರಿಗಾಗಿ ಏರ್ಪಡಿಸಿದ್ದ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇವತ್ತಿನ ವಿಷಯ ಜಿಐ, ಅಂದರೆ ಸತುವಿನ ಲೇಪನ ಇರುವ ಕಬ್ಬಿಣ. 'ಇದರಲ್ಲಿ ಮಾತಾಡಲಿಕ್ಕೆ ಏನುಂಟು?' ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಸಂಘದಿಂದ ಸಾಲ ತೆಗೆದು ನಾವು ಮಾಡುವ ಕೆಲಸಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಮನೆಯ ಮಾಡಿಗೆ ಶೀಟು, ಅಂಗಳಕ್ಕೆ ಚಪ್ಪರ, ದನದ ಕೊಟ್ಟಿಗೆ, ಕೋಳಿ ಗೂಡು, ತೋಟಕ್ಕೆ ಬೇಲಿ, ನೀರಿಗೆ ಪೈಪು. ಇವೆಲ್ಲದರಲ್ಲೂ ಜಿಐ ಇದೆ. ಸಾಲದ ಕಂತು ಮುಗಿಯುವ ಮೊದಲೇ ಮಾಡಿನ ತಗಡು ಮುಗಿದರೆ ಆ ಕುಟುಂಬ ಏನು ಮಾಡಬೇಕು? ಈ ಪ್ರಶ್ನೆಗಾಗಿಯೇ ನಾವು ಈ ವಿಷಯವನ್ನು ಆರಿಸಿಕೊಂಡಿದ್ದೇವೆ. ಇನ್ನೊಂದು ಕಾರಣವೂ ಇದೆ. ಈ ತಗಡು, ಪೈಪುಗಳನ್ನು ಬೆಸೆಯುವ ನಮ್ಮ ಹುಡುಗರ ಆರೋಗ್ಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದನ್ನೂ ಇಂದು ಮಾತಾಡೋಣ.

ಹಂಚಿನಿಂದ ತಗಡಿಗೆ

ನಮ್ಮ ಕರಾವಳಿ ಹಂಚಿನ ನಾಡು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮಂಗಳೂರು ಹಂಚು ದೇಶ ವಿದೇಶಗಳಿಗೂ ಹೋಯಿತು. ಹಂಚಿಗೆ ಉಪ್ಪು ಗಾಳಿಯ ಹೆದರಿಕೆ ಇಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಹಂಚಿಗೆ ಮರದ ಪಕಾಸು, ರೀಪು ಬೇಕು. ಮರ ದುಬಾರಿಯಾಯಿತು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹಂಚು ಸರಿ ಮಾಡುವವರೂ ಸಿಗುವುದು ಕಡಿಮೆಯಾಯಿತು. ಹೀಗಾಗಿ ಕಬ್ಬಿಣದ ಪೈಪಿನ ಮೇಲೆ ತಗಡು ಹಾಕುವುದು ರೂಢಿಗೆ ಬಂತು. ಇದನ್ನು ತಪ್ಪು ಎನ್ನಲಾಗದು. ಆದರೆ ಹಂಚಿನ ಕಾಲದಲ್ಲಿ ಕೇಳಬೇಕಾಗಿರದ ಕೆಲವು ಪ್ರಶ್ನೆಗಳನ್ನು ತಗಡಿನ ಕಾಲದಲ್ಲಿ ಕೇಳಲೇಬೇಕಾಗುತ್ತದೆ.

ಸತು ಮಾಡುವ ಕೆಲಸ ಏನು?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಪೇಂಟ್ ಬಳಿದರೆ ಸ್ವಲ್ಪ ಕಾಲ ತಡೆಯಬಹುದು. ಆದರೆ ಪೇಂಟಿನಲ್ಲಿ ಒಂದು ಗೀರು ಬಿದ್ದರೆ ಸಾಕು, ಅಲ್ಲಿಂದ ತುಕ್ಕು ಒಳಗೆ ನುಗ್ಗಿ ಪೇಂಟನ್ನೇ ಎಬ್ಬಿಸುತ್ತದೆ.

ಸತು ಹಾಗಲ್ಲ. ಮೊದಲನೆಯದಾಗಿ ಅದು ಹೊದಿಕೆಯಾಗಿ ನಿಲ್ಲುತ್ತದೆ. ಗಾಳಿ ಮಳೆಗೆ ಒಡ್ಡಿಕೊಂಡಾಗ ಸತುವಿನ ಮೇಲೆ ಬೂದು ಬಣ್ಣದ ತೆಳು ಪೊರೆ ಕಟ್ಟುತ್ತದೆ, ಆ ಪೊರೆ ಒಳಗಿನ ಸತುವನ್ನು ಕಾಯುತ್ತದೆ. ಹೊಸ ತಗಡು ಕೆಲವು ತಿಂಗಳಲ್ಲಿ ಮಂಕಾಗುವುದು ಇದಕ್ಕೇ. ಅದು ಹಾಳಾದ ಲಕ್ಷಣವಲ್ಲ. ಎರಡನೆಯದಾಗಿ, ಸತು ಕಬ್ಬಿಣಕ್ಕಿಂತ ಬೇಗ ಸವೆಯುವ ಗುಣದ್ದು. ಎರಡೂ ಒಟ್ಟಿಗಿದ್ದು ನೀರು ತಾಗಿದರೆ ಮೊದಲು ಸವೆಯುವುದು ಸತುವೇ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಸತು ಪೂರ್ತಿ ಮುಗಿಯುವ ತನಕ ಕಬ್ಬಿಣಕ್ಕೆ ರಕ್ಷಣೆ ಇದೆ, ಮುಗಿದ ಮೇಲೆ ಇಲ್ಲ. ಆದ್ದರಿಂದ ತಗಡಿನ ಆಯುಷ್ಯ ಅಂದರೆ ಅದರ ಮೇಲಿರುವ ಸತುವಿನ ಆಯುಷ್ಯ. ಇಂದಿನ ಮಾತಿನಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ಸತುವಿಗೂ ನಮ್ಮ ದೇಶಕ್ಕೂ ಹಳೆಯ ನಂಟು. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಎಂಬಲ್ಲಿ ನಮ್ಮ ಪೂರ್ವಿಕರು ಮಣ್ಣಿನ ಮೂಸೆಗಳಲ್ಲಿ ಅದಿರನ್ನು ಕಾಯಿಸಿ, ಸತುವಿನ ಆವಿಯನ್ನು ತಣಿಸಿ ಲೋಹ ತೆಗೆಯುತ್ತಿದ್ದರು. ಯುರೋಪಿನವರು ಇದನ್ನು ಕೈಗಾರಿಕೆಯಾಗಿ ಮಾಡುವುದಕ್ಕೆ ಶತಮಾನಗಳ ಮೊದಲೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಈ ಕೆಲಸ ನಡೆದಿತ್ತು. ಬಳಸಿ ಬಿಟ್ಟ ಮೂಸೆಗಳಿಂದಲೇ ಕಟ್ಟಿದ ಗೋಡೆಗಳು ಅಲ್ಲಿವೆ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬವರು 1837ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ, 1829ರಲ್ಲಿ, ಲಂಡನ್ನಿನ ಪಾಮರ್ ಎಂಬ ಎಂಜಿನಿಯರ್ ತಗಡನ್ನು ಅಲೆ ಅಲೆಯಾಗಿ ಬಗ್ಗಿಸುವುದಕ್ಕೆ ಪೇಟೆಂಟ್ ಪಡೆದಿದ್ದರು. ಅಲೆ ಇದ್ದರೆ ತೆಳು ತಗಡಿಗೂ ಗಟ್ಟಿತನ ಬರುತ್ತದೆ. ಈ ಎರಡೂ ಸೇರಿಯೇ ನಮ್ಮ ಮಾಡಿನ ಶೀಟು ಆದದ್ದು. ಜಿಐ ಎಂಬ ಎರಡು ಅಕ್ಷರದಲ್ಲಿರುವ 'ಗ್ಯಾಲ್ವನೈಸ್ಡ್' ಎಂಬ ಹೆಸರು ಇಟಲಿಯ ವಿಜ್ಞಾನಿ ಗ್ಯಾಲ್ವನಿಯವರಿಂದ ಬಂದದ್ದು.

ಕಾರ್ಖಾನೆಯಲ್ಲಿ ಹೇಗೆ ಮಾಡುತ್ತಾರೆ?

ಮುಖ್ಯವಾಗಿ ಎರಡು ರೀತಿ. ಶೀಟು ಮಾಡುವ ಕಾರ್ಖಾನೆಗಳಲ್ಲಿ ಉಕ್ಕಿನ ದೊಡ್ಡ ಸುರುಳಿಯನ್ನು ಬಿಚ್ಚುತ್ತಾ ಹೋಗುತ್ತಾರೆ. ತಗಡು ನಿಲ್ಲದೆ ಓಡುತ್ತಾ ಮೊದಲು ಕುಲುಮೆ ದಾಟಿ, ಆಮೇಲೆ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿ ಮೇಲೆ ಬರುತ್ತದೆ. ಮೇಲೆ ಬರುವಾಗ ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ಹೆಚ್ಚಿನ ಸತುವನ್ನು ಕೆಳಗಿಳಿಸುತ್ತಾರೆ. ಎಷ್ಟು ಊದುತ್ತಾರೋ ಅದರ ಮೇಲೆ ಲೇಪನ ದಪ್ಪವೋ ತೆಳುವೋ ಎಂದು ತೀರ್ಮಾನವಾಗುತ್ತದೆ. ದರದ ವ್ಯತ್ಯಾಸ ಬರುವ ಒಂದು ಜಾಗ ಇದು.

ಎರಡನೆಯದು ಮಾಡಿದ ವಸ್ತುವನ್ನೇ ಅದ್ದುವುದು. ಕಂಬ, ಕೋನ, ಬೋಲ್ಟು, ಗೇಟು ಮುಂತಾದವನ್ನು ಮೊದಲು ತಯಾರಿಸಿ, ಎಣ್ಣೆ ಜಿಡ್ಡು ತೆಗೆದು, ಆಸಿಡ್‌ನಲ್ಲಿ ತೊಳೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಇಳಿಸುತ್ತಾರೆ. ಸತು ಕರಗುವುದು ಸುಮಾರು 420 ಡಿಗ್ರಿಯಲ್ಲಿ. ಅಷ್ಟು ಬಿಸಿಯಲ್ಲಿ ಸತುವೂ ಕಬ್ಬಿಣವೂ ಒಂದಕ್ಕೊಂದು ಬೆರೆತು ಮಿಶ್ರಲೋಹದ ಪದರ ಆಗುತ್ತದೆ. ಅದಕ್ಕೇ ಇದು ಪೇಂಟಿನ ಹಾಗೆ ಸುಲಭದಲ್ಲಿ ಎದ್ದು ಬರುವುದಿಲ್ಲ.

ಲೋಕದಲ್ಲಿ ಬಳಕೆಯಾಗುವ ಸತುವಿನಲ್ಲಿ ಅರ್ಧದಷ್ಟು ಹೋಗುವುದು ಕಬ್ಬಿಣವನ್ನು ತುಕ್ಕಿನಿಂದ ಕಾಯುವುದಕ್ಕೇ. ಹೈಟೆನ್ಶನ್ ಲೈನಿನ ಟವರುಗಳು, ಹೆದ್ದಾರಿಯ ಬದಿಯ ತಡೆಪಟ್ಟಿಗಳು, ಕಾರಿನ ಬಾಡಿ, ಮೀನುಗಾರಿಕಾ ಬೋಟುಗಳ ಉಕ್ಕಿನ ಹಗ್ಗ, ರೈಲಿನ ವಿದ್ಯುತ್ ತಂತಿ ಹಿಡಿದಿರುವ ಕಂಬಗಳು, ಸೋಲಾರ್ ಫಲಕಗಳನ್ನು ಹೊತ್ತು ನಿಂತಿರುವ ಚೌಕಟ್ಟುಗಳು, ಎಲ್ಲದರಲ್ಲೂ ಇದೇ ತಂತ್ರ. 2022ರಲ್ಲಿ ಕೊಂಕಣ ರೈಲ್ವೆಯ ವಿದ್ಯುದೀಕರಣ ಪೂರ್ತಿಯಾಯಿತು. ಸಮುದ್ರದ ಗಾಳಿ ಬೀಸುವ ಅಂಥ ಹಾದಿಯಲ್ಲಿ ಬರೀ ಕಬ್ಬಿಣದ ಕಂಬ ನೆಟ್ಟರೆ ಎಷ್ಟು ದಿನ ಬಾಳೀತು? ದೊಡ್ಡ ಕಂಪನಿಗಳು ಕಂಬ ಕೊಳ್ಳುವಾಗ ಬರೇ 'ಜಿಐ ಕೊಡಿ' ಅನ್ನುವುದಿಲ್ಲ. ಸತುವಿನ ದಪ್ಪ ಇಷ್ಟೇ ಇರಬೇಕು ಅಂತ ಬರೆದು ಕೊಟ್ಟು, ಅಳೆದು ನೋಡಿ ತೆಗೆದುಕೊಳ್ಳುತ್ತಾರೆ. ನಾವು ಮಾತ್ರ ಅಂಗಡಿಗೆ ಹೋಗಿ 'ಒಳ್ಳೆ ಶೀಟು ಕೊಡಿ' ಅಂತ ಕೇಳಿ ಬರುತ್ತೇವೆ.

ಲೆಕ್ಕ ಹಾಕೋಣ

ಶೀಟಿನ ಸತುವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಅಂಗಡಿಯ ಭಾಷೆಯಲ್ಲಿ ಜಿ.ಎಸ್.ಎಂ. ಭಾರತೀಯ ಮಾನದಂಡ ಐ.ಎಸ್. 277ರಲ್ಲಿ 120, 180, 220, 275 ಮುಂತಾದ ದರ್ಜೆಗಳಿವೆ. ಇದು ಎರಡೂ ಬದಿ ಸೇರಿದ ಲೆಕ್ಕ. 120 ದರ್ಜೆ ಅಂದರೆ ಒಂದು ಬದಿಗೆ 60 ಗ್ರಾಂ, ದಪ್ಪದಲ್ಲಿ ಸುಮಾರು 8 ಮೈಕ್ರಾನ್. 275 ದರ್ಜೆ ಅಂದರೆ ಒಂದು ಬದಿಗೆ ಸುಮಾರು 19 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೂದಲಿಗಿಂತ ಎಷ್ಟೋ ತೆಳುವಾದ ಈ ಪದರದ ಮೇಲೆ ನಮ್ಮ ಸಾಲದ ಹಣ ನಿಂತಿದೆ.

ಸತು ವರ್ಷಕ್ಕೆ ಎಷ್ಟು ಸವೆಯುತ್ತದೆ ಎಂಬುದಕ್ಕೆ ಐ.ಎಸ್.ಒ. 9223 ಎಂಬ ಅಂತಾರಾಷ್ಟ್ರೀಯ ಮಾನದಂಡ ಇದೆ. ಶುದ್ಧ ಗಾಳಿಯ ಒಳನಾಡಿನ ಹಳ್ಳಿಯಂತಹ ಕಡೆ ವರ್ಷಕ್ಕೆ 0.7 ಮೈಕ್ರಾನಿಗಿಂತ ಕಡಿಮೆ. ಉಪ್ಪಿನಂಶ ಸಾಧಾರಣವಾಗಿರುವ ಕರಾವಳಿಯಲ್ಲಿ 2.1ರಿಂದ 4.2 ಮೈಕ್ರಾನ್. ಉಪ್ಪು ಗಾಳಿ ನೇರವಾಗಿ ಹೊಡೆಯುವ ಕಡಲ ತೀರದಲ್ಲಿ 4.2ರಿಂದ 8.4 ಮೈಕ್ರಾನ್, ಕೆಲವೆಡೆ ಅದಕ್ಕೂ ಹೆಚ್ಚು.

ಈಗ ಭಾಗಾಕಾರ ಮಾಡಿ. 120 ದರ್ಜೆಯ ಶೀಟು ಒಳನಾಡಿನ ಹಳ್ಳಿಯಲ್ಲಿ ಹತ್ತು ಹನ್ನೆರಡು ವರ್ಷ ಆರಾಮವಾಗಿ ಇದ್ದೀತು. ಅದೇ ಶೀಟಿನ ಸತು ಕರಾವಳಿಯ ಪೇಟೆಯಲ್ಲಿ ಎರಡರಿಂದ ನಾಲ್ಕು ವರ್ಷಕ್ಕೆ, ಕಡಲ ತೀರದ ಮನೆಯಲ್ಲಿ ಒಂದೆರಡು ವರ್ಷಕ್ಕೆ ಮುಗಿಯುತ್ತದೆ. 275 ದರ್ಜೆ ಆದರೆ ಪೇಟೆಯಲ್ಲಿ ನಾಲ್ಕೂವರೆಯಿಂದ ಒಂಬತ್ತು ವರ್ಷ ಬರಬಹುದು. ಸತು ಮುಗಿದ ದಿನವೇ ಮಾಡು ಸೋರುವುದಿಲ್ಲ ನಿಜ. ಆದರೆ ಕೆಂಪು ತುಕ್ಕು ಶುರುವಾದ ಮೇಲೆ ತೆಳು ತಗಡಿಗೆ ತೂತು ಬೀಳಲು ಹೆಚ್ಚು ಕಾಲ ಬೇಡ. ಒಳನಾಡಿನ ನೆಂಟರು 'ನಮ್ಮಲ್ಲಿ ಈ ಶೀಟು ಹದಿನೈದು ವರ್ಷದಿಂದ ಹಾಗೇ ಇದೆ' ಅಂದರೆ ಅವರ ಮಾತು ಸುಳ್ಳಲ್ಲ. ಅವರ ಗಾಳಿ ಬೇರೆ, ನಮ್ಮ ಗಾಳಿ ಬೇರೆ.

ಹೊಳಪು, ಮೇಲಿನ ಹೂವಿನಂತಹ ಚಿತ್ತಾರ ಇವು ದಪ್ಪವನ್ನು ಹೇಳುವುದಿಲ್ಲ. ಬಣ್ಣದ ಶೀಟಾದರೂ ಒಳಗೆ ಯಾವ ಲೇಪನ, ಎಷ್ಟು ಗ್ರಾಂ ಅಂತ ಕೇಳಲೇಬೇಕು. ಈಗ ಗಾಲ್ವಾಲ್ಯೂಮ್ ಎಂಬ ಶೀಟೂ ಬರುತ್ತದೆ. ಅದರ ಲೇಪನದಲ್ಲಿ 55 ಶೇಕಡಾ ಅಲ್ಯುಮಿನಿಯಂ, ಉಳಿದದ್ದು ಹೆಚ್ಚಿನಂಶ ಸತು. ಮನೆಯ ಮಾಡಿಗೆ ಕರಾವಳಿಯಲ್ಲಿ ಸಾಮಾನ್ಯವಾಗಿ ಬರೇ ಸತುವಿನ ಶೀಟಿಗಿಂತ ಇದು ಹೆಚ್ಚು ಬಾಳುತ್ತದೆ.

ಜಿಐ ಎಲ್ಲಿ ಸೋಲುತ್ತದೆ?

ಒಂದು, ದನದ ಕೊಟ್ಟಿಗೆ. ಗಂಜಲ, ಸೆಗಣಿಯಿಂದ ಏಳುವ ಅಮೋನಿಯ ಮತ್ತು ತೇವ ಸತುವನ್ನು ತಿನ್ನುತ್ತವೆ. ಗಾಲ್ವಾಲ್ಯೂಮ್ ಅಂತೂ ಕೊಟ್ಟಿಗೆಗೆ ಬೇಡವೇ ಬೇಡ. ಕೊಟ್ಟಿಗೆಗೆ ಹಂಚೇ ಮೇಲು. ತಗಡೇ ಹಾಕುವುದಾದರೆ ಮಾಡು ಎತ್ತರಿಸಿ, ಗಾಳಿ ಆಡುವ ಹಾಗೆ ಮಾಡಿ, ಗಂಜಲ ನಿಲ್ಲದಂತೆ ನೋಡಿಕೊಳ್ಳಿ.

ಎರಡು, ಹುಳಿ. ಮಜ್ಜಿಗೆ, ಹುಣಸೆ ರಸ, ಪುನರ್ಪುಳಿ ಶರಬತ್ತು, ಲಿಂಬೆ ಪಾನಕ ಇವನ್ನು ಜಿಐ ಬಕೆಟಿನಲ್ಲಿ, ಡ್ರಮ್ಮಿನಲ್ಲಿ ಇಡಬಾರದು. ಹುಳಿ ಸತುವನ್ನು ಕರಗಿಸುತ್ತದೆ. ಕುಡಿದವರಿಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಮದುವೆ, ಜಾತ್ರೆ, ಸಂಘದ ವಾರ್ಷಿಕೋತ್ಸವಗಳಲ್ಲಿ ಪಾನಕ ಮಾಡುವ ಅಕ್ಕಂದಿರು ಇದನ್ನು ಗಮನಿಸಬೇಕು. ಸ್ಟೀಲಿನ ಪಾತ್ರೆಯನ್ನೇ ಬಳಸಿ.

ಮೂರು, ಹುಳಿ ಗುಣದ ನೀರು. ಮುರಕಲ್ಲಿನ ನೆಲದ ಬಾವಿ, ಬೋರ್‌ವೆಲ್ಲುಗಳ ನೀರು ಎಷ್ಟೋ ಕಡೆ ಸ್ವಲ್ಪ ಆಮ್ಲೀಯ. ನೀರಿನ ಪಿ.ಎಚ್. 6.5ಕ್ಕಿಂತ ಕಡಿಮೆ ಇದ್ದರೆ ಪೈಪಿನ ಸತು ಹೆಚ್ಚು ಕಾಲ ನಿಲ್ಲುವುದಿಲ್ಲ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್-2 ಕೈಪಂಪು ನಿಮಗೆಲ್ಲ ಗೊತ್ತು. ಅದರೊಳಗೆ ಇಳಿಯುವುದು ಜಿಐ ಪೈಪು. ಬೆಳಿಗ್ಗೆ ಮೊದಲ ಕೊಡಗಳಲ್ಲಿ ಕೆಂಪು ನೀರು ಬಂದು ಆಮೇಲೆ ತಿಳಿಯಾದರೆ, ರಾತ್ರಿಯಿಡೀ ನಿಂತ ನೀರು ಪೈಪನ್ನು ತಿಂದಿದೆ ಎಂದು ಸಂಶಯಪಡಬೇಕು. ಅಂಥ ಕಡೆ ಪಂಚಾಯತಿನಲ್ಲಿ ಪಿ.ಎಚ್. ಪರೀಕ್ಷೆ ಮಾಡಿಸಲು ಕೇಳಿ, ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪೈಪಿಗಾಗಿ ಒತ್ತಾಯಿಸಿ.

ನಾಲ್ಕು, ಒದ್ದೆ ರಾಶಿ. ಶೀಟು ತಂದು ಒಂದರ ಮೇಲೊಂದು ಇಟ್ಟು ಮಳೆಗೆ ಬಿಟ್ಟರೆ ಮಧ್ಯೆ ನೀರು ನಿಂತು ಬಿಳಿ ಪುಡಿ ಏಳುತ್ತದೆ. ಗಾಳಿಯಿಲ್ಲದೆ ರಕ್ಷಣೆಯ ಪೊರೆ ಕಟ್ಟುವುದಿಲ್ಲ. ಹಾಕುವ ಮೊದಲೇ ಸತು ಹಾಳಾಗುತ್ತದೆ. ಶೀಟನ್ನು ಒಣ ಜಾಗದಲ್ಲಿ, ನೆಲದಿಂದ ಎತ್ತರಿಸಿ, ಓರೆಯಾಗಿ ಇಡಿ.

ಬೆಸೆಯುವವರ ಜ್ವರ

ಈಗ ವೆಲ್ಡಿಂಗ್ ಮಾಡುವ ತಮ್ಮಂದಿರಿಗೆ ಒಂದು ಮಾತು. ಅವರ ಮನೆಯವರೂ ಕೇಳಿಸಿಕೊಳ್ಳಬೇಕು.

ಸತು ಸುಮಾರು 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ವೆಲ್ಡಿಂಗಿನ ಕಿಡಿಯ ಬಿಸಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಜಿಐ ಪೈಪನ್ನು ಬೆಸೆಯುವಾಗ ಸತು ಸುಟ್ಟು ಬೆಳ್ಳನೆಯ ಹೊಗೆ ಏಳುತ್ತದೆ. ಆ ಹೊಗೆ ಶ್ವಾಸಕೋಶಕ್ಕೆ ಹೋದರೆ ಆ ಹೊತ್ತಿಗೆ ಏನೂ ಅನ್ನಿಸುವುದಿಲ್ಲ. ನಾಲ್ಕರಿಂದ ಹತ್ತು ಗಂಟೆ ಕಳೆದ ಮೇಲೆ, ಸಾಮಾನ್ಯವಾಗಿ ರಾತ್ರಿ ಮನೆಯಲ್ಲಿ, ಚಳಿ ಜ್ವರ, ಮೈಕೈ ನೋವು, ತಲೆನೋವು, ಕೆಮ್ಮು, ಬಾಯಲ್ಲಿ ಲೋಹದ ರುಚಿ ಕಾಣಿಸುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ವೈದ್ಯರು ಇದನ್ನು ಲೋಹದ ಹೊಗೆಯ ಜ್ವರ ಅನ್ನುತ್ತಾರೆ. ದಿನಾ ಹೊಗೆ ಕುಡಿದಾಗ ದೇಹ ಸ್ವಲ್ಪ ಒಗ್ಗಿಕೊಂಡ ಹಾಗೆ ಕಾಣುತ್ತದೆ. ಭಾನುವಾರ ರಜೆ ಮಾಡಿ ಸೋಮವಾರ ಕೆಲಸಕ್ಕೆ ಹೋದಾಗ ಜ್ವರ ಮತ್ತೆ ಬರುತ್ತದೆ. 'ಹುಡುಗನಿಗೆ ಸೋಮವಾರ ಕೆಲಸಕ್ಕೆ ಹೋಗಲು ಉದಾಸೀನ' ಅಂತ ಬೈಯುವ ಮೊದಲು ಇದನ್ನೂ ಯೋಚಿಸಿ.

ನಮ್ಮ ಕರಾವಳಿಯಲ್ಲಿ ಚಳಿ ಜ್ವರ ಅಂದ ಕೂಡಲೇ ಮಲೇರಿಯಾ ನೆನಪಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಲೇಬೇಕು. ಅದರ ಜೊತೆಗೆ 'ಇವತ್ತು ಜಿಐ ವೆಲ್ಡಿಂಗ್ ಮಾಡಿದ್ದೇನೆ' ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಉಸಿರು ಕಟ್ಟಿದ ಹಾಗಾದರೆ, ಎದೆ ಬಿಗಿದರೆ, ಎರಡು ದಿನವಾದರೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದು ಬೇರೆ ಲೋಹದ ವಿಷವೂ ಆಗಿರಬಹುದು. ಕ್ಯಾಡ್ಮಿಯಂ ಲೇಪನದ ಬೋಲ್ಟು, ಬಿಡಿಭಾಗಗಳನ್ನು ಸುಟ್ಟರೆ ಬರುವ ಹೊಗೆ ಪ್ರಾಣಕ್ಕೇ ಅಪಾಯ.

ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ತಾಗುವುದಿಲ್ಲ ಎಂಬ ನಂಬಿಕೆ ವರ್ಕ್‌ಶಾಪುಗಳಲ್ಲಿ ಇದೆ. ಹಾಲು ಒಳ್ಳೆಯ ಆಹಾರ, ಕುಡಿಯಿರಿ. ಆದರೆ ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಮೂಗಿಗೆ ಕಟ್ಟುವ ಕರ್ಚೀಫು ಸಹ ಈ ಹೊಗೆಯನ್ನು ತಡೆಯುವುದಿಲ್ಲ.

ತಡೆಯುವ ದಾರಿ ಇದೆ, ಕಷ್ಟವೂ ಇಲ್ಲ. ಬೆಸೆಯುವ ಜಾಗದ ಎರಡೂ ಕಡೆ ಮೂರು ನಾಲ್ಕು ಇಂಚು ಸತುವನ್ನು ಮಾಸ್ಕ್ ಹಾಕಿಕೊಂಡು ಗ್ರೈಂಡ್ ಮಾಡಿ ತೆಗೆಯಿರಿ. ಬಯಲಿನಲ್ಲಿ ಕೆಲಸ ಮಾಡಿ. ಹೊಗೆ ಮುಖದಿಂದ ಆಚೆ ಹೋಗುವ ಹಾಗೆ ಪಕ್ಕದಿಂದ ಫ್ಯಾನ್ ಇಟ್ಟುಕೊಳ್ಳಿ. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಆದರೂ ಬೇಕು. ಟ್ಯಾಂಕಿನ ಒಳಗೆ, ಮುಚ್ಚಿದ ಕೋಣೆಯಲ್ಲಿ ಅದೂ ಸಾಲದು, ಅಲ್ಲಿ ಜಿಐ ವೆಲ್ಡಿಂಗ್ ಬೇಡ. ಎಲ್ಲಿ ಬೋಲ್ಟು, ಕ್ಲಾಂಪು ಹಾಕಿ ಜೋಡಿಸಬಹುದೋ ಅಲ್ಲಿ ಬೆಸೆಯಲೇ ಬೇಡಿ. ಬೆಸೆದ ಜಾಗದಲ್ಲಿ ಸತು ಹೋಗಿರುವುದರಿಂದ ಅಲ್ಲಿಗೆ ಸತು ಹೆಚ್ಚಿರುವ ಪೇಂಟನ್ನು ಬಳಿಯಲೇಬೇಕು. ಇಲ್ಲದಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಅದ್ದುವ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರಿಗೂ ಒಂದು ಎಚ್ಚರಿಕೆ. ಎರಡೂ ತುದಿ ಮುಚ್ಚಿದ ಪೈಪನ್ನು ಕರಗಿದ ಸತುವಿಗೆ ಇಳಿಸಿದರೆ ಒಳಗಿನ ತೇವ ಹಬೆಯಾಗಿ ಸ್ಫೋಟವಾಗಬಹುದು. ಗೇಟು, ಕಂಬಗಳನ್ನು ಅದ್ದಲು ಕಳಿಸುವ ವೆಲ್ಡರುಗಳು ಗಾಳಿ ಹೋಗುವ ತೂತು ಬಿಡಲೇಬೇಕು. ನೀವು ಇಲ್ಲಿ ಬಿಡದ ಒಂದು ತೂತು ಅಲ್ಲಿ ಇನ್ನೊಬ್ಬ ಕಾರ್ಮಿಕನ ಮುಖ ಸುಡಬಹುದು.

ಕಟ್ಟಡ ಕೆಲಸದ ವೆಲ್ಡರುಗಳು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಇದುವರೆಗೆ ಮಾಡಿಸದವರು ಈ ತಿಂಗಳಲ್ಲೇ ಮಾಡಿಸಿಕೊಳ್ಳಿ.

ಕೊಳ್ಳುವಾಗ ಕೇಳಬೇಕಾದದ್ದು

ಕೊನೆಯದಾಗಿ, ಸಂಘದ ಪುಸ್ತಕದಲ್ಲಿ ಈ ನಾಲ್ಕು ಮಾತು ಬರೆದಿಟ್ಟುಕೊಳ್ಳಿ.

1. ಶೀಟು ಎಷ್ಟು ಮಿಲಿಮೀಟರ್ ದಪ್ಪ, ಸತು ಎಷ್ಟು ಗ್ರಾಂ? ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ಬಾಯಿಮಾತು ಸಾಲದು.

2. ಐ.ಎಸ್.ಐ. ಗುರುತು ಇದೆಯೇ? ಪೈಪಿನಲ್ಲಿ ಬಣ್ಣದ ಪಟ್ಟಿ ನೋಡಿ. ಹಳದಿ ಅಂದರೆ ಹಗುರ, ನೀಲಿ ಅಂದರೆ ಮಧ್ಯಮ, ಕೆಂಪು ಅಂದರೆ ಭಾರ.

3. ಹತ್ತಿಪ್ಪತ್ತು ಮನೆಯವರು ಸೇರಿ ಒಟ್ಟಿಗೆ ಕೊಳ್ಳಿ. ಒಬ್ಬರು ಪರೀಕ್ಷಾ ಪತ್ರ ಕೇಳಿದರೆ ಅಂಗಡಿಯವರು ನಕ್ಕಾರು, ಸಂಘವೇ ಕೇಳಿದರೆ ತೋರಿಸಿಯಾರು.

4. ಕೆಲಸಕ್ಕೆ ಬರುವ ವೆಲ್ಡರಿಗೆ ಮಾಸ್ಕ್ ಇದೆಯೇ, ಸತು ಪೇಂಟಿನ ಖರ್ಚು ಲೆಕ್ಕದಲ್ಲಿ ಸೇರಿದೆಯೇ? ಇಲ್ಲದಿದ್ದರೆ ನಾವೇ ಸೇರಿಸೋಣ. ಅವನೂ ಯಾರದೋ ಮನೆಯ ಮಗ.

ದಪ್ಪ ಲೇಪನದ ಶೀಟಿಗೆ ಹಣ ಸ್ವಲ್ಪ ಹೆಚ್ಚು ಬೀಳುತ್ತದೆ, ನಿಜ. ಆದರೆ ಕಡಿಮೆ ದರದ ಶೀಟನ್ನು ಎರಡು ಸಲ ಹಾಕಿದರೆ ಶೀಟಿನ ಹಣ, ಕೂಲಿ, ಬಡ್ಡಿ ಎಲ್ಲವೂ ಎರಡು ಸಲ. ಮುಂದಿನ ತಿಂಗಳ ಸಭೆಯಲ್ಲಿ ಯಾವ ಸಂಘದವರು ಮಾಡಿನ ಸಾಲಕ್ಕೆ ಅರ್ಜಿ ತಂದರೂ, ಅರ್ಜಿಯ ಜೊತೆ ದರಪಟ್ಟಿಯಲ್ಲಿ ಸತುವಿನ ಗ್ರಾಂ ಬರೆದಿದೆಯೇ ಎಂದು ನಾವು ಕೇಳುತ್ತೇವೆ. ದಯವಿಟ್ಟು ನೀವೂ ಅಂಗಡಿಯಲ್ಲಿ ಕೇಳಿಯೇ ಬನ್ನಿ.